ಹುಣಸೆಹುಳಿ, ತಾಮ್ರದ ತಂತಿ, ತಗಡಿನ ಚೂರು: ಮನೆಯಲ್ಲೇ ಬ್ಯಾಟರಿ ಮಾಡುವ ಬಗೆ

ಸಿಂಧನೂರಿನಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟರ್‌ಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವುದು ನನ್ನ ಕೆಲಸ. ಶಾಲೆಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನ ಬಂತೆಂದರೆ ಅಂಗಡಿ ಮುಂದೆ ರೈತರಿಗಿಂತ ಮಕ್ಕಳೇ ಜಾಸ್ತಿ. "ಕಾಕಾ, ಒಂದಿಷ್ಟು ತಾಮ್ರದ ತಂತಿ ಕೊಡ್ರಿ, ನಿಂಬೆಹಣ್ಣಿನ ಬ್ಯಾಟರಿ ಮಾಡಬೇಕು" ಎನ್ನುತ್ತಾರೆ. ಕೊಡುತ್ತೇನೆ. ಮರುದಿನ ಅದೇ ಮಗು ಬಾಡಿದ ಮುಖ ಹೊತ್ತು ಬರುತ್ತದೆ. "ಕಾಕಾ, ಲೈಟ್ ಹತ್ತವಲ್ದು."

ಮೊದಲ ಸಲ ಹೀಗಾದಾಗ ತಪ್ಪು ನನ್ನದೇ ಆಗಿತ್ತು. ರಿವೈಂಡಿಂಗ್ ತಂತಿಯ ಮೇಲೆ ವಾರ್ನಿಶ್‌ನಂಥ ತೆಳು ಪದರ ಇರುತ್ತದೆ. ನೋಡಲು ತಾಮ್ರದ ಬಣ್ಣವೇ. ಆದರೆ ಆ ಪದರ ಕೆರೆದು ತೆಗೆಯುವ ತನಕ ತಂತಿಯಿಂದ ಕರೆಂಟ್ ಆಚೆ ಬರುವುದೂ ಇಲ್ಲ, ಒಳಗೆ ಹೋಗುವುದೂ ಇಲ್ಲ. ನನಗೆ ಅದು ದಿನದ ಕೆಲಸ. ಹಾಗಾಗಿ ಬಾಯಿಬಿಟ್ಟು ಹೇಳಬೇಕೆಂದು ಹೊಳೆಯಲೇ ಇಲ್ಲ. ಏಳನೇ ಕ್ಲಾಸಿನ ಆ ಹುಡುಗಿ ರಾತ್ರಿ ಹತ್ತು ಗಂಟೆ ತನಕ ನಿಂಬೆಹಣ್ಣು ಚುಚ್ಚುತ್ತಾ ಕೂತಿದ್ದಳಂತೆ. ಅಂದಿನಿಂದ ತಂತಿಯ ಜೊತೆ ಹತ್ತು ನಿಮಿಷ ಮಾತನ್ನೂ ಕೊಡುತ್ತೇನೆ. ಆ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನಮ್ಮ ಹಳ್ಳಿಗಳಲ್ಲಿ 'ಬ್ಯಾಟರಿ' ಅಂದರೆ ಟಾರ್ಚು. ಅದರೊಳಗೆ ಹಾಕುವುದು 'ಸೆಲ್ಲು'. ಇಲ್ಲಿ ಒಂದು ಗ್ಲಾಸು ಎಂದರೆ ಒಂದು ಸೆಲ್ಲು. ಹಲವು ಸೆಲ್ಲು ಸಾಲಾಗಿ ಜೋಡಿಸಿದರೆ ಬ್ಯಾಟರಿ.

ಕರೆಂಟ್ ಹುಳಿಯಲ್ಲಿ ಇಲ್ಲ

ನಿಂಬೆಹಣ್ಣಿನ ಒಳಗೆ ಕರೆಂಟ್ ಇದೆ, ಅದನ್ನು ತಂತಿ ಚುಚ್ಚಿ ಹೊರಗೆ ತೆಗೆಯುತ್ತೇವೆ ಎಂದು ಮಕ್ಕಳು ತಿಳಿದಿರುತ್ತಾರೆ. ದೊಡ್ಡವರೂ ಹಾಗೇ ತಿಳಿದಿರುತ್ತಾರೆ. ಇದೊಂದು ತಪ್ಪು ತಿಳಿವಳಿಕೆ ಹೋದರೆ ಉಳಿದ ಕೆಲಸ ತಾನಾಗಿಯೇ ಸುಲಭವಾಗುತ್ತದೆ.

ಇದೇ ಜಗಳ ಇನ್ನೂರು ವರ್ಷಗಳ ಹಿಂದೆ ಇಟಲಿಯಲ್ಲಿ ನಡೆದಿತ್ತು. ಲುಯಿಗಿ ಗ್ಯಾಲ್ವನಿ ಎಂಬ ವೈದ್ಯ ಸತ್ತ ಕಪ್ಪೆಯ ಕಾಲಿಗೆ ಎರಡು ಬೇರೆ ಬೇರೆ ಲೋಹ ತಾಗಿಸಿದಾಗ ಆ ಕಾಲು ಅದುರಿತು. ಕರೆಂಟ್ ಕಪ್ಪೆಯ ಮೈಯಲ್ಲೇ ಇದೆ ಎಂದು ಅವನು ನಂಬಿದ. ಅಲೆಸಾಂಡ್ರೊ ವೋಲ್ಟಾ ಒಪ್ಪಲಿಲ್ಲ. ಕಪ್ಪೆ ಬರೀ ಒದ್ದೆ ವಸ್ತು, ಅಸಲಿ ವಿಷಯ ಎರಡು ಲೋಹಗಳದ್ದು ಎಂದ. ಕಪ್ಪೆಯ ಬದಲು ಉಪ್ಪುನೀರಲ್ಲಿ ನೆನೆಸಿದ ರಟ್ಟು ಇಟ್ಟ. ಒಂದು ಸತುವಿನ ಬಿಲ್ಲೆ, ಒಂದು ಬೆಳ್ಳಿ ಅಥವಾ ತಾಮ್ರದ ಬಿಲ್ಲೆ, ನಡುವೆ ಒದ್ದೆ ರಟ್ಟು ಹೀಗೆ ಒಂದರ ಮೇಲೊಂದು ಪೇರಿಸಿದ. 1800ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದ. ಅದೇ ಮೊದಲ ಬ್ಯಾಟರಿ. ಕರೆಂಟನ್ನು ತಳ್ಳುವ ಬಲದ ಅಳತೆಗೆ 'ವೋಲ್ಟ್' ಎಂಬ ಹೆಸರು ಅವನಿಂದ ಬಂತು. ಸೋತವನ ಹೆಸರೂ ಉಳಿದಿದೆ. ನಮ್ಮ ಮನೆ ಮೇಲಿನ ತಗಡಿಗೆ 'ಗ್ಯಾಲ್ವನೈಸ್' ಶೀಟು ಅಂತೀವಲ್ಲ, ಅದು ಗ್ಯಾಲ್ವನಿಯ ಹೆಸರು.

ನಡೆಯುವುದು ಇಷ್ಟು. ಹುಳಿನೀರಿನಲ್ಲಿ ಸತು ಮೆಲ್ಲಗೆ ಕರಗುತ್ತದೆ. ಕರಗುವಾಗ ತನ್ನಲ್ಲಿದ್ದ ಎಲೆಕ್ಟ್ರಾನು ಎಂಬ ಅತಿ ಸಣ್ಣ ಕಣಗಳನ್ನು ಲೋಹದಲ್ಲೇ ಬಿಟ್ಟು ಹೋಗುತ್ತದೆ. ತಾಮ್ರ ಹಾಗೆ ಸುಲಭಕ್ಕೆ ಕರಗುವುದಿಲ್ಲ. ಎರಡನ್ನೂ ತಂತಿಯಿಂದ ಸೇರಿಸಿದರೆ ಸತುವಿನ ಕಡೆ ಕೂಡಿಬಿದ್ದ ಎಲೆಕ್ಟ್ರಾನುಗಳು ತಂತಿ ಹಿಡಿದು ತಾಮ್ರದ ಕಡೆಗೆ ಓಡುತ್ತವೆ. ಆ ಓಟವೇ ಕರೆಂಟ್. ಅಂದರೆ ಇಲ್ಲಿ ಉರಿಯುವ ಸೌದೆ ಸತು. ಹುಳಿನೀರು ಬರೀ ದಾರಿ. ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ಕಲ್ಲಿದ್ದಲು ಖರ್ಚಾಗುವ ಹಾಗೆ ನಿಮ್ಮ ಗ್ಲಾಸಿನಲ್ಲಿ ತಗಡಿನ ಸತು ಖರ್ಚಾಗುತ್ತದೆ. ಅದಕ್ಕೇ ನಿಂಬೆಹಣ್ಣೇ ಬೇಕು ಎಂದೇನೂ ಇಲ್ಲ. ನಮ್ಮ ಮನೆಗಳಲ್ಲಿ ಯಾವಾಗಲೂ ಇರುವ ಹುಣಸೆಹಣ್ಣು ಸಾಕು. ನಿಂಬೆಗಿಂತ ಅದೇ ಮೇಲು ಎನ್ನುತ್ತೇನೆ. ಗ್ಲಾಸಿನಲ್ಲಿ ಲೋಹ ಪೂರ್ತಿ ಮುಳುಗುತ್ತದೆ. ಹಣ್ಣಿನಲ್ಲಿ ಚುಚ್ಚಿದ ಮೊಳೆ ಒಳಗೆ ಎಷ್ಟು ತಾಗಿದೆಯೋ ಕಾಣುವುದಿಲ್ಲ.

ಸಾಮಾನು ಕೂಡಿಸುವುದು

ಗೆಲುವು ಸೋಲು ಎರಡೂ ಇರುವುದು ಇಲ್ಲೇ. ಅದಕ್ಕೆ ಸ್ವಲ್ಪ ಉದ್ದ ಹೇಳುತ್ತೇನೆ.

ಸತುವಿಗೆ ಜಿಐ (ಗ್ಯಾಲ್ವನೈಸ್ ಮಾಡಿದ ಕಬ್ಬಿಣ) ತಗಡು ಹುಡುಕಿ. ಶೆಡ್ಡಿಗೆ ಹಾಕುವ ಬಿಳಿ ತಗಡು, ಅರ್ಥಿಂಗ್‌ಗೆ ಬಳಸುವ ಜಿಐ ತಂತಿ ಅಥವಾ ಪಟ್ಟಿ, ಜಿಐ ಮೊಳೆ, ಯಾವುದಾದರೂ ಆಗುತ್ತದೆ. ಒಳಗೆ ಕಬ್ಬಿಣ, ಮೇಲೆ ಸತುವಿನ ಲೇಪ. ನಮಗೆ ಬೇಕಾದದ್ದು ಆ ಲೇಪ. ತಗಡು ಸಿಕ್ಕರೆ ಒಳ್ಳೆಯದು, ಯಾಕೆಂದರೆ ಅಗಲ ಜಾಸ್ತಿ. ತಗಡಿನ ಕೆಲಸ ಮಾಡುವವರ ಹತ್ತಿರ ಎರಡು ಬೆರಳಗಲ, ಅರ್ಧ ಗೇಣು ಉದ್ದದ ನಾಲ್ಕು ಚೂರು ಕತ್ತರಿಸಿಕೊಡಿ ಎಂದು ಕೇಳಿ. ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಅವರಿಂದಲೇ ಅಂಚು ಮಡಚಿಸಿಕೊಂಡು ಬನ್ನಿ. ನೀಲಿ, ಕೆಂಪು ಬಣ್ಣ ಬಳಿದ ಶೀಟು ಬೇಡ, ಬಣ್ಣ ದಾರಿ ಮುಚ್ಚುತ್ತದೆ. ಸೆಂಟ್ರಿಂಗ್ ಕೆಲಸದ ಕಪ್ಪು ಬೈಂಡಿಂಗ್ ವೈರ್ ಕೂಡ ಬೇಡ. ಅದು ಬರೀ ಕಬ್ಬಿಣ, ಸತು ಇಲ್ಲ.

ತಾಮ್ರಕ್ಕೆ ಮನೆ ವೈರಿಂಗ್‌ನ ತುಂಡು ಎಲ್ಲಕ್ಕಿಂತ ಸಲೀಸು. 1.5 ಚದರ ಮಿ.ಮೀ. ವೈರು ಒಂದು ಗ್ಲಾಸಿಗೆ ಎರಡು ಗೇಣು ಸಾಕು. ಮೇಲಿನ ಪ್ಲಾಸ್ಟಿಕ್ ಸೀಳಿ ತೆಗೆಯಿರಿ. ಒಳಗಿನ ಎಳೆಗಳನ್ನು ಪೊರಕೆಯಂತೆ ಬಿಡಿಸಿ. ಎಳೆ ಬಿಡಿಸಿದಷ್ಟೂ ನೀರಿಗೆ ತಾಗುವ ಮೈ ಹೆಚ್ಚುತ್ತದೆ. ಈಗ ಅಗ್ಗದ ವೈರುಗಳಲ್ಲಿ ಮೇಲೆ ಮಾತ್ರ ತಾಮ್ರ, ಒಳಗೆ ಅಲ್ಯೂಮಿನಿಯಂ ಇರುತ್ತದೆ. ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ. ಬೆಳ್ಳಗೆ ಕಂಡರೆ ಅದು ಬೇಡ. ನನ್ನಂಥವರ ಅಂಗಡಿಯಿಂದ ರಿವೈಂಡಿಂಗ್ ತಂತಿ ತಂದರೆ ನೀರಿನಲ್ಲಿ ಮುಳುಗುವ ಅಷ್ಟೂ ಉದ್ದವನ್ನು ಉಪ್ಪುಕಾಗದದಿಂದ ಉಜ್ಜಬೇಕು. ಉಜ್ಜಿದ ಮೇಲೆ ತಂತಿ ತಿಳಿ ಗುಲಾಬಿ ಬಣ್ಣಕ್ಕೆ ಬರುತ್ತದೆ. ಬೆಂಕಿಯಲ್ಲಿ ಸುಟ್ಟು ಪದರ ತೆಗೆಯುವವರಿದ್ದಾರೆ. ಮಕ್ಕಳಿಗೆ ಅದು ಬೇಡವೇ ಬೇಡ, ಆ ಹೊಗೆ ಕೆಟ್ಟದ್ದು.

ನಾಣ್ಯ ಹಾಕಬಹುದಾ ಎಂದು ಕೇಳುತ್ತಾರೆ. ಈಗಿನ ಒಂದು ಮತ್ತು ಎರಡು ರೂಪಾಯಿ ನಾಣ್ಯ ಸ್ಟೇನ್‌ಲೆಸ್ ಸ್ಟೀಲಿನವು. ತಾಮ್ರದ ಕೆಲಸ ಅವುಗಳಿಂದ ಆಗದು.

ಗ್ಲಾಸು ನಾಲ್ಕು ಬೇಕು. ನಮ್ಮ ಮನೆಗಳಲ್ಲಿ ಕೈಗೆ ಸಿಗುವುದೇ ಸ್ಟೀಲ್ ಗ್ಲಾಸು, ಅದನ್ನು ತೆಗೆದುಕೊಳ್ಳಬೇಡಿ. ತಾಮ್ರ, ತಗಡು ಎರಡೂ ಸ್ಟೀಲಿಗೆ ತಾಗಿದರೆ ಕರೆಂಟ್ ಗ್ಲಾಸಿನ ಒಳಗೇ ಸುತ್ತಿಕೊಂಡು ಮುಗಿದುಹೋಗುತ್ತದೆ. ಚಹಾ ಅಂಗಡಿಯ ಪೇಪರ್ ಕಪ್ ಅಥವಾ ಗಾಜಿನ ಗ್ಲಾಸು ಇಡಿ.

ಇನ್ನುಳಿದದ್ದು ಹುಣಸೆಹಣ್ಣು, ಉಪ್ಪು, ಒಂದು ತುಂಡು ಉಪ್ಪುಕಾಗದ ಮತ್ತು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕೆಂಪು ಬಣ್ಣದ ಪುಟ್ಟ ಎಲ್‌ಇಡಿ. ಕೆಂಪೇ ಕೇಳಿ. ಅದಕ್ಕೆ ಸುಮಾರು 1.8 ವೋಲ್ಟ್ ಸಾಕು. ಬಿಳಿ, ನೀಲಿ ಎಲ್‌ಇಡಿಗೆ ಹತ್ತಿರ ಹತ್ತಿರ 3 ವೋಲ್ಟ್ ಬೇಕು. ಹಳೇ ಟಾರ್ಚಿನ ತಂತಿ ಬಲ್ಬು ತರಲೇಬೇಡಿ. ಅದು ಕುಡಿಯುವಷ್ಟು ಕರೆಂಟನ್ನು ಹುಣಸೆಹುಳಿ ಸೆಲ್ಲು ಯಾವತ್ತೂ ಕೊಡಲಾರದು. ವೋಲ್ಟ್, ಕರೆಂಟ್ ಅಳೆಯುವ ಮಲ್ಟಿಮೀಟರ್ ಇದ್ದರೆ ತುಂಬಾ ಒಳ್ಳೆಯದು. ಇಲ್ಲದಿದ್ದರೆ ಊರಿನ ಯಾವುದೇ ಎಲೆಕ್ಟ್ರಿಷಿಯನ್ ಹತ್ತಿರ ಹತ್ತು ನಿಮಿಷಕ್ಕೆ ಕೇಳಿ. ಮಕ್ಕಳು ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ.

ಮೊದಲ ಗ್ಲಾಸು

ನಾಲ್ಕು ಗ್ಲಾಸಿಗೆ ನಾಲ್ಕು ನಿಂಬೆಗಾತ್ರದ ಹುಣಸೆಹಣ್ಣು ಬಿಸಿನೀರಲ್ಲಿ ಹದಿನೈದು ನಿಮಿಷ ನೆನೆಹಾಕಿ. ಸಾರಿಗೆ ಮಾಡುವ ಹಾಗೆಯೇ ಚೆನ್ನಾಗಿ ಹಿಚುಕಿ ಸೋಸಿ. ಸಾರಿಗಿಂತ ಗಟ್ಟಿ ಇರಲಿ. ಪ್ರತಿ ಗ್ಲಾಸಿಗೆ ಒಂದು ಚಮಚ ಉಪ್ಪು ಹಾಕಿ ಕರಗಿಸಿ. ಹುಳಿ ಇದ್ದ ಮೇಲೆ ಉಪ್ಪು ಯಾಕೆ? ದಾರಿ ಅಗಲ ಆಗಲಿ ಎಂದು. ಹುಣಸೆಯ ಹುಳಿ ಬಲಹೀನ ಆಮ್ಲ, ನೀರಿನಲ್ಲಿ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಉಪ್ಪು ಪೂರ್ತಿ ಬಿಡಿಸಿಕೊಳ್ಳುತ್ತದೆ, ಕರೆಂಟ್ ಸಲೀಸಾಗಿ ದಾಟುತ್ತದೆ.

ತಗಡು, ತಾಮ್ರ ಎರಡನ್ನೂ ಉಜ್ಜಿ. ತಗಡನ್ನು ಮೆಲ್ಲಗೆ, ಎಣ್ಣೆ ಜಿಡ್ಡು ಹೋಗುವಷ್ಟು ಮಾತ್ರ. ಜೋರಾಗಿ ಉಜ್ಜಿದರೆ ಸತುವೇ ಹೋಗಿ ಕಬ್ಬಿಣ ಕಾಣುತ್ತದೆ. ತಾಮ್ರಕ್ಕೆ ಉಪ್ಪುಕಾಗದವೂ ಬೇಡ, ಹುಣಸೆಯ ತಿರುಳಿನಿಂದ ಉಜ್ಜಿದರೆ ಸಾಕು. ದೇವರ ಮನೆಯ ತಂಬಿಗೆ ತೊಳೆಯುವವರಿಗೆ ಇದು ಗೊತ್ತೇ ಇದೆ. (ವಾರ್ನಿಶ್ ತಂತಿಗೆ ಮಾತ್ರ ಹುಣಸೆ ನಡೆಯದು, ಅದನ್ನು ಕೆರೆಯಲೇಬೇಕು.)

ಈಗ ಗ್ಲಾಸಿನ ಒಂದು ಬದಿಗೆ ತಗಡು, ಎದುರು ಬದಿಗೆ ತಾಮ್ರದ ಎಳೆಗಳನ್ನು ಇಳಿಬಿಡಿ. ಮೇಲ್ತುದಿ ಎರಡು ಬೆರಳಿನಷ್ಟು ಹೊರಗೆ ಇರಲಿ. ಎರಡೂ ಒಂದಕ್ಕೊಂದು ತಾಗಬಾರದು. ಆದರೆ ತುಂಬಾ ದೂರವೂ ಬೇಡ, ಒಂದು ಬೆರಳಿನ ಅಂತರ ಸಾಕು. ದೂರ ಹೆಚ್ಚಿದಷ್ಟೂ ನೀರಿನ ದಾರಿ ಉದ್ದವಾಗಿ ಕರೆಂಟ್ ಇಳಿಯುತ್ತದೆ.

ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ. ಕೆಂಪು ಕಡ್ಡಿ ತಾಮ್ರಕ್ಕೆ, ಕಪ್ಪು ಕಡ್ಡಿ ತಗಡಿಗೆ. 0.8ರಿಂದ 1 ವೋಲ್ಟ್ ನಡುವೆ ಏನಾದರೂ ತೋರಿಸಿದರೆ ನಿಮ್ಮ ಸೆಲ್ಲು ಸರಿಯಾಗಿದೆ. ಮೈನಸ್ ಗುರುತು ಬಂದರೆ ಗಾಬರಿ ಬೇಡ, ಕಡ್ಡಿ ಅದಲು ಬದಲಾಗಿವೆ ಅಷ್ಟೆ. ಇಲ್ಲಿ ತಾಮ್ರ ಪ್ಲಸ್, ಸತು ಮೈನಸ್. 0.5ರ ಆಸುಪಾಸಿಗೆ ನಿಂತರೆ ನಿಮ್ಮ ತಗಡಿನಲ್ಲಿ ಸತು ಇಲ್ಲ, ಬರೀ ಕಬ್ಬಿಣ ಇದೆ ಎಂದು ಅನುಮಾನ ಪಡಿ.

ಈ ಹಂತದಲ್ಲಿ ಮಕ್ಕಳಿಂದ ಒಂದು ಕೆಲಸ ಮಾಡಿಸಿ. ಗ್ಲಾಸಿಗೆ ಇನ್ನಷ್ಟು ಹುಳಿ ಸುರಿಯಲು ಹೇಳಿ. ವೋಲ್ಟ್ ಹೆಚ್ಚು ಕಮ್ಮಿ ಅಲ್ಲೇ ಇರುತ್ತದೆ. ಆಮೇಲೆ ತಾಮ್ರ ತೆಗೆದು ಎರಡೂ ಕಡೆ ತಗಡೇ ಇಳಿಬಿಡಿ. ಅಂಕಿ ಸೊನ್ನೆಯ ಹತ್ತಿರಕ್ಕೆ ಬಿದ್ದುಬಿಡುತ್ತದೆ. ವೋಲ್ಟಾ ಹೇಳಿದ ಮಾತು ಮಗುವಿನ ಕಣ್ಣೆದುರಿಗೇ ಇರುತ್ತದೆ. ಲೈಟ್ ಹತ್ತುವುದಕ್ಕಿಂತ ಈ ಗಳಿಗೆ ನನಗೆ ಇಷ್ಟ.

ನಾಲ್ಕು ಗ್ಲಾಸು ಸೇರಿ ಲೈಟ್ ಹಚ್ಚುವುದು

ಒಂದು ಗ್ಲಾಸಿನ ಒಂದು ವೋಲ್ಟಿಗೆ ಎಲ್‌ಇಡಿ ಕಣ್ಣೇ ಬಿಡುವುದಿಲ್ಲ. ಅದಕ್ಕೆ ಸಾಲು ಕಟ್ಟಬೇಕು. ನಾಲ್ಕೂ ಗ್ಲಾಸು ಒಂದೇ ಸಾಲಿನಲ್ಲಿಡಿ. ಮೊದಲ ಗ್ಲಾಸಿನ ತಗಡನ್ನು ಎರಡನೇ ಗ್ಲಾಸಿನ ತಾಮ್ರಕ್ಕೆ ಸೇರಿಸಿ. ಎರಡನೆಯದರ ತಗಡನ್ನು ಮೂರನೆಯದರ ತಾಮ್ರಕ್ಕೆ, ಮೂರನೆಯದರ ತಗಡನ್ನು ನಾಲ್ಕನೆಯದರ ತಾಮ್ರಕ್ಕೆ. ಕೊನೆಗೆ ಒಂದು ತುದಿಯಲ್ಲಿ ಒಂಟಿ ತಾಮ್ರ, ಇನ್ನೊಂದು ತುದಿಯಲ್ಲಿ ಒಂಟಿ ತಗಡು ಉಳಿಯಬೇಕು. ಎರಡೂ ತುದಿಯಲ್ಲಿ ಒಂದೇ ಲೋಹ ಉಳಿದರೆ ಎಲ್ಲೋ ತಿರುವುಮುರುವಾಗಿದೆ.

ಸೇರಿಸಲು ಬೇರೆ ತಂತಿಯೇ ಬೇಕಿಲ್ಲ. ತಗಡಿನ ಮೇಲ್ತುದಿಗೆ ಮೊಳೆಯಿಂದ ತೂತು ಹೊಡೆದು, ಮುಂದಿನ ಗ್ಲಾಸಿನ ತಾಮ್ರದ ತುದಿಯನ್ನು ಅದರಲ್ಲಿ ತೂರಿಸಿ, ಕಟಿಂಗ್ ಪ್ಲೇಯರಿನಿಂದ ಬಿಗಿಯಾಗಿ ತಿರುಚಿ. ಈ ಜೋಡಣೆ ನೀರಿನ ಮೇಲೆಯೇ ಇರಬೇಕು. ಜೋಡಣೆ ಮುಳುಗಿದರೆ ಅಲ್ಲೇ ಒಂದು ಕಳ್ಳ ಸೆಲ್ಲು ಹುಟ್ಟಿ ಸತುವನ್ನು ಸುಮ್ನೆ ತಿನ್ನುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿ ಒತ್ತಿ ಹಿಡಿಸಿದರೂ ನಡೆಯುತ್ತದೆ.

ಮಲ್ಟಿಮೀಟರ್ ಈಗ ಮೂರೂವರೆ ವೋಲ್ಟಿನ ಆಸುಪಾಸು ತೋರಿಸಬೇಕು. ಎಲ್‌ಇಡಿಯ ಉದ್ದ ಕಾಲನ್ನು ಒಂಟಿ ತಾಮ್ರಕ್ಕೆ, ಗಿಡ್ಡ ಕಾಲನ್ನು ಒಂಟಿ ತಗಡಿಗೆ ತಾಗಿಸಿ. ಕೋಣೆ ಕತ್ತಲು ಮಾಡಿ. ಹತ್ತುತ್ತದೆ. ನಮ್ಮ ರಾಯಚೂರು ಸೀಮೆಯ ಮಧ್ಯಾಹ್ನದ ಬಿಸಿಲಲ್ಲಿ ಅಂಗಳದಲ್ಲಿ ಕೂತು ನೋಡಿದರೆ ಹತ್ತಿದ್ದೂ ಕಾಣುವುದಿಲ್ಲ. ಇದೇ ಕಾರಣಕ್ಕೆ ಎಷ್ಟೋ ಮಕ್ಕಳು ತಾವು ಸೋತೆವೆಂದು ತಿಳಿದು ಎಲ್ಲ ಬಿಚ್ಚಿಹಾಕಿದ್ದಾರೆ.

ಎಲ್‌ಇಡಿಗೆ ರೆಸಿಸ್ಟರ್ ಬೇಡವೇ ಎಂದು ಗೊತ್ತಿರುವವರು ಕೇಳಬಹುದು. ಇಲ್ಲಿ ಬೇಡ. ಹುಣಸೆಹುಳಿಯೇ ಸಾಕಷ್ಟು ತಡೆ ಒಡ್ಡುತ್ತದೆ. ಆದರೆ ಅದೇ ಎಲ್‌ಇಡಿಯನ್ನು ಅಂಗಡಿಯ 9 ವೋಲ್ಟ್ ಬ್ಯಾಟರಿಗೆ ನೇರವಾಗಿ ಹಚ್ಚಿದರೆ ಸುಟ್ಟುಹೋಗುತ್ತದೆ.

ಹತ್ತದಿದ್ದರೆ

ಮೊದಲು ಎಲ್‌ಇಡಿಯ ಕಾಲು ತಿರುಗಿಸಿ ಹಚ್ಚಿ ನೋಡಿ. ಅದು ಒಂದೇ ದಿಕ್ಕಿಗೆ ಉರಿಯುತ್ತದೆ. ಆಮೇಲೆ ಒಂದೊಂದೇ ಗ್ಲಾಸನ್ನು ಬೇರೆ ಬೇರೆಯಾಗಿ ಅಳೆಯಿರಿ. ಮೂರರಲ್ಲಿ 0.9 ಇದ್ದು ಒಂದರಲ್ಲಿ ಸೊನ್ನೆ ಬಂದರೆ ಆ ಗ್ಲಾಸಿನಲ್ಲಿ ತಾಮ್ರದ ಒಂದು ಎಳೆ ತಗಡಿಗೆ ತಾಗಿರುತ್ತದೆ. ನೂರಕ್ಕೆ ತೊಂಬತ್ತು ಸಲ ಅದೇ. ಎಲ್ಲ ಗ್ಲಾಸೂ ಸರಿ ಇದ್ದು ಒಟ್ಟು ಕಮ್ಮಿ ಬಂದರೆ ಜೋಡಣೆ ಸಡಿಲ, ಇಲ್ಲವೇ ಜೋಡಿಸಿದ ಜಾಗದಲ್ಲಿ ವಾರ್ನಿಶ್ ಉಳಿದಿದೆ.

ಹತ್ತಿ, ಐದು ನಿಮಿಷದಲ್ಲಿ ಮಂಕಾದರೆ ತಾಮ್ರವನ್ನು ಹತ್ತಿರದಿಂದ ನೋಡಿ. ಅದರ ಮೇಲೆ ಸಣ್ಣ ಸಣ್ಣ ಗುಳ್ಳೆ ಅಂಟಿರುತ್ತವೆ. ಅದು ಹೈಡ್ರೋಜನ್. ಗುಳ್ಳೆಯ ಹೊದಿಕೆ ತಾಮ್ರವನ್ನು ನೀರಿನಿಂದ ದೂರ ಮಾಡುತ್ತದೆ. ತಾಮ್ರವನ್ನು ಒಮ್ಮೆ ಅಲ್ಲಾಡಿಸಿ, ಬೆಳಕು ಮತ್ತೆ ಏರುತ್ತದೆ. ವೋಲ್ಟಾನ ಕಾಲದ ಬ್ಯಾಟರಿಗೂ ಇದೇ ರೋಗ ಇತ್ತು. 1836ರಲ್ಲಿ ಇಂಗ್ಲೆಂಡಿನ ಜಾನ್ ಡೇನಿಯಲ್ ತಾಮ್ರದ ಸುತ್ತ ಮೈಲುತುತ್ತದ ನೀರು ಇಟ್ಟು ಈ ಗುಳ್ಳೆಯ ಕಾಟ ತಪ್ಪಿಸಿದ. ಮೈಲುತುತ್ತ ನಮ್ಮ ರೈತರ ಮನೆಗಳಲ್ಲಿ ಸಿಗುವಂಥದ್ದೇ, ಆದರೆ ವಿಷ. ಈ ಪ್ರಯೋಗಕ್ಕೆ ಅದನ್ನು ತರಬೇಡಿ.

ತಗಡಿನ ಮೇಲೆ ಕೆಂಪು ತುಕ್ಕು ಕಂಡರೆ ಅಲ್ಲಿ ಸತು ಮುಗಿದಿದೆ ಎಂದು ಅರ್ಥ. ಚೂರು ಬದಲಿಸಿ. ಲೆಕ್ಕ ಬೇಕೆನ್ನುವವರಿಗೆ: 1 ಗ್ರಾಂ ಸತು ಪೂರ್ತಿ ಕೆಲಸಕ್ಕೆ ಬಂದರೆ ಸುಮಾರು 820 ಮಿಲಿಆಂಪಿಯರ್-ಗಂಟೆ ಕೊಡುತ್ತದೆ, ಅಂದರೆ 1 ಮಿಲಿಆಂಪಿಯರ್ ಕರೆಂಟನ್ನು 820 ಗಂಟೆ. ನಿಜದಲ್ಲಿ ಅಷ್ಟು ಸಿಗುವುದಿಲ್ಲ, ಹುಳಿ ತಾನೇ ಒಂದಿಷ್ಟನ್ನು ಪುಕ್ಕಟೆ ಕರಗಿಸುತ್ತದೆ. ಅದಕ್ಕೇ ಕೆಲಸ ಇಲ್ಲದಾಗ ಲೋಹಗಳನ್ನು ಹೊರಗೆ ತೆಗೆದಿಡಿ.

"ಮೊಬೈಲ್ ಚಾರ್ಜ್ ಆಗುತ್ತಾ ಕಾಕಾ?" ಇದನ್ನು ಕೇಳದ ಮಗು ಇಲ್ಲ. ಈ ಸಾಲಿನಿಂದ 1 ಮಿಲಿಆಂಪಿಯರ್ ಬರುತ್ತದೆ ಎಂದಿಟ್ಟುಕೊಳ್ಳಿ. ಮೊಬೈಲಿನ ಬ್ಯಾಟರಿ 5000 ಮಿಲಿಆಂಪಿಯರ್-ಗಂಟೆಯದು. ವೋಲ್ಟಿನ ಮಾತು ಬದಿಗಿಟ್ಟರೂ 5000 ಗಂಟೆ ಬೇಕು, ಅಂದರೆ 208 ದಿನ. ಈ ಲೆಕ್ಕವನ್ನು ಮಗುವಿನ ಕೈಯಿಂದಲೇ ಮಾಡಿಸಿ.

ಸವಳು ಮಣ್ಣಿನ ಗ್ಲಾಸು

ಇದು ನಮ್ಮ ಭಾಗದ ಮಕ್ಕಳು ಮಾಡಲೇಬೇಕಾದ ಪ್ರಯೋಗ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ನಮ್ಮಲ್ಲಿ ಭತ್ತ ಬೆಳೆಯಿತು. ಜೊತೆಗೆ ನೀರು ನಿಂತು ಸವಳಾದ ಹೊಲಗಳೂ ಆದವು. ಬೇಸಿಗೆಯಲ್ಲಿ ಅವುಗಳ ಮೇಲೆ ಬಿಳಿ ಪುಡಿ ಹರಡಿದಂತೆ ಉಪ್ಪು ಕಾಣುತ್ತದೆ.

ಎರಡು ಪೇಪರ್ ಕಪ್ ತೆಗೆದುಕೊಳ್ಳಿ. ಒಂದಕ್ಕೆ ಒಳ್ಳೆಯ ಎರೆ ಮಣ್ಣು, ಇನ್ನೊಂದಕ್ಕೆ ಸವಳು ಮಣ್ಣು. ಎರಡಕ್ಕೂ ಅಳತೆ ಮಾಡಿ ಒಂದೇ ಪ್ರಮಾಣದ ನೀರು ಹಾಕಿ ಕೆಸರು ಮಾಡಿ. ಬೋರಿನ ನೀರು ಬೇಡ, ಅದರಲ್ಲೇ ಉಪ್ಪು ಇರುತ್ತದೆ. ಫಿಲ್ಟರ್ ನೀರು ಅಥವಾ ಮಳೆನೀರು ಇರಲಿ. ಎರಡರಲ್ಲೂ ಒಂದೇ ಅಳತೆಯ ತಗಡು, ತಾಮ್ರ ಒಂದೇ ಅಂತರದಲ್ಲಿ ಚುಚ್ಚಿ.

ವೋಲ್ಟ್ ಅಳೆಯಿರಿ. ಎರಡರಲ್ಲೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಈಗ ಮೀಟರನ್ನು ಡಿಸಿ ಮಿಲಿಆಂಪಿಯರ್‌ಗೆ ತಿರುಗಿಸಿ ಮತ್ತೆ ಅಳೆಯಿರಿ. ಸವಳು ಮಣ್ಣಿನ ಕಪ್ಪಿನಲ್ಲಿ ಅಂಕಿ ಎದ್ದು ಕಾಣುವಷ್ಟು ಜಾಸ್ತಿ ಬರುತ್ತದೆ. ಲೋಹ ಅದೇ, ಹಾಗಾಗಿ ತಳ್ಳುವ ಬಲ ಅದೇ. ದಾರಿ ಅಗಲವಾದದ್ದರಿಂದ ಹರಿವು ಹೆಚ್ಚಿತು.

ಮನೆಯಲ್ಲಿ ಮಣ್ಣು ಪರೀಕ್ಷೆಯ ಚೀಟಿ ಇದ್ದರೆ ತೆಗೆದು ನೋಡಿ. ಅದರಲ್ಲಿ 'ಇ.ಸಿ.' ಎಂಬ ಒಂದು ಸಾಲು ಇರುತ್ತದೆ. ಮಣ್ಣು ಕಲಸಿದ ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದರ ಅಳತೆ ಅದು. ಅಂಕಿ ಏರಿದಷ್ಟೂ ಮಣ್ಣಿನಲ್ಲಿ ಉಪ್ಪು ಜಾಸ್ತಿ. ಲ್ಯಾಬಿನಲ್ಲಿ ಪಕ್ಕಾ ಉಪಕರಣದಿಂದ ಮಾಡುವುದನ್ನೇ ನಿಮ್ಮ ಮಗು ಪೇಪರ್ ಕಪ್ಪಿನಲ್ಲಿ ಒರಟಾಗಿ ಮಾಡಿದೆ. ಗೊಬ್ಬರದ ಲೆಕ್ಕಕ್ಕೆ ಈ ಅಂಕಿ ನಂಬಬೇಡಿ, ಅದಕ್ಕೆ ಲ್ಯಾಬೇ ಬೇಕು. ಆದರೆ ಎರಡು ಹೊಲಗಳ ಮಣ್ಣನ್ನು ಹೋಲಿಸಿ ನೋಡಲು ಇದು ಸಾಕು. ಒಬ್ಬ ಹುಡುಗ ತಮ್ಮ ಹೊಲದ ನಾಲ್ಕು ಮೂಲೆಯ ಮಣ್ಣು ತಂದು ಅಂಗಡಿಯಲ್ಲೇ ಕೂತು ಅಳೆದ. ಕಾಲುವೆ ಕಡೆಯ ಮೂಲೆಯೇ ಹೆಚ್ಚು ತೋರಿಸಿತು. "ಅಲ್ಲೇ ರೀ ಕಾಕಾ ನಮ್ಮ ನೆಲ್ಲು ಏಳೂದಿಲ್ಲ" ಎಂದ.

ಬಿಳಿ ಪುಡಿ ಕೈಗೆ ಹತ್ತಿದರೆ ತೊಳೆದುಕೊಳ್ಳಿ, ಚರ್ಮ ಒಣಗಿಸುತ್ತದೆ.

ದಾರಿ ಸಲೀಸಾದರೆ ಹರಿವು ಹೆಚ್ಚುತ್ತದೆ ಎಂಬುದಕ್ಕೆ ಇನ್ನೊಂದು ಒಳ್ಳೆಯ ಉದಾಹರಣೆ ಆಲೂಗಡ್ಡೆ. 2010ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದವರು ಆಲೂಗಡ್ಡೆಯನ್ನು ಎಂಟು ನಿಮಿಷ ಬೇಯಿಸಿ ಬ್ಯಾಟರಿ ಮಾಡಿದರು. ಹಸಿ ಆಲೂಗಡ್ಡೆಗಿಂತ ಸುಮಾರು ಹತ್ತು ಪಟ್ಟು ಶಕ್ತಿ ಸಿಕ್ಕಿತು. ಬೆಂದಾಗ ಒಳಗಿನ ಗೋಡೆಗಳು ಮುರಿದು ದಾರಿ ತೆರೆಯುತ್ತದೆ.

ಇದ್ದಿಲು ಮತ್ತು ಸಿಲ್ವರ್ ಪೇಪರ್

ಲೈಟ್ ಹತ್ತಿಸಿದ ಮೇಲೆ ಮಕ್ಕಳಿಗೆ ಏನಾದರೂ ಓಡಿಸುವ ಆಸೆ ಬರುತ್ತದೆ. ಗೋಡೆ ಗಡಿಯಾರ ಓಡಿಸೋಣ. ಅದಕ್ಕೆ 1.5 ವೋಲ್ಟಿನ ಒಂದು ಸೆಲ್ಲಿನ ಜಾಗದಲ್ಲಿ ನಮ್ಮ ಎರಡು ಸೆಲ್ಲು ಕೂರಿಸಬೇಕು.

ರೊಟ್ಟಿ ಸುತ್ತುವ ಸಿಲ್ವರ್ ಪೇಪರ್ ಬೇಕು. ಹೆಸರಿಗೆ ಸಿಲ್ವರ್, ಇರುವುದು ಅಲ್ಯೂಮಿನಿಯಂ. ಇಲ್ಲಿ ಸೌದೆ ಅದೇ. ತಾಮ್ರದ ಜಾಗಕ್ಕೆ ಇದ್ದಿಲು. ಇದ್ದಿಲಿನ ತೂತುಗಳಲ್ಲಿ ಗಾಳಿ ಕೂತಿರುತ್ತದೆ, ಅಲ್ಯೂಮಿನಿಯಂ ಬಿಟ್ಟುಕೊಟ್ಟ ಎಲೆಕ್ಟ್ರಾನುಗಳನ್ನು ಆ ಗಾಳಿಯ ಆಮ್ಲಜನಕ ತೆಗೆದುಕೊಳ್ಳುತ್ತದೆ. ಗುಳ್ಳೆಯ ರೋಗ ಇಲ್ಲಿ ಇಲ್ಲ. ಅದಕ್ಕೇ ಇದರ ಕರೆಂಟ್ ಹುಣಸೆಹುಳಿಗಿಂತ ಎಷ್ಟೋ ಹೆಚ್ಚು.

ಇದ್ದಿಲು ಆರಿಸುವುದರಲ್ಲಿ ಗುಟ್ಟಿದೆ. ಇಸ್ತ್ರಿ ಅಂಗಡಿಯವರ ಹತ್ತಿರ ಕೇಳಿ. ಎರಡು ತುಂಡನ್ನು ಒಂದಕ್ಕೊಂದು ತಟ್ಟಿದಾಗ ಗಾಜಿನಂತೆ ಟಿಣ್ ಎಂದರೆ ಚೆನ್ನಾಗಿ ಸುಟ್ಟ ಇದ್ದಿಲು, ಅದರಲ್ಲಿ ಕರೆಂಟ್ ಹರಿಯುತ್ತದೆ. ಮಂದವಾಗಿ ಟಪ್ ಎಂದರೆ ಅರೆಬೆಂದ ಕಟ್ಟಿಗೆ, ಅದು ಉಪಯೋಗಕ್ಕಿಲ್ಲ. ಇದ್ದಿಲನ್ನು ಒದ್ದೆ ಮಾಡಿಕೊಂಡು ಕುಟ್ಟಿದರೆ ಪುಡಿ ಮೂಗಿಗೆ ಹಾರುವುದಿಲ್ಲ. ರವೆಯಷ್ಟು ತರಿ ಇದ್ದರೆ ಸಾಕು.

ಒಂದು ಲೋಟ ನೀರಿಗೆ ಉಪ್ಪು ಹಾಕುತ್ತಾ ಹೋಗಿ. ತಳದಲ್ಲಿ ಕರಗದೆ ಉಳಿಯತೊಡಗಿದಾಗ ನಿಲ್ಲಿಸಿ. ಅಂಗೈ ಅಗಲದ ಸಿಲ್ವರ್ ಪೇಪರ್ ಹಾಸಿ. ಅದರ ಮೇಲೆ ಉಪ್ಪುನೀರಲ್ಲಿ ಅದ್ದಿ ಹಿಂಡಿದ ಹಳೇ ಪಂಚೆಯ ತುಂಡು, ಎರಡು ಪದರ. ಬಟ್ಟೆ ಪೇಪರಿಗಿಂತ ಸ್ವಲ್ಪ ದೊಡ್ಡದಿರಲಿ, ಇದ್ದಿಲು ಪೇಪರಿಗೆ ತಾಗಲೇಬಾರದು. ಬಟ್ಟೆಯ ಮೇಲೆ ಇದ್ದಿಲ ತರಿಯನ್ನು ಉಪ್ಪುನೀರಲ್ಲಿ ಕಲಸಿ ಅರ್ಧ ಬೆರಳು ದಪ್ಪ ಹರಡಿ. ಅದರೊಳಗೆ ಬಿಡಿಸಿದ ತಾಮ್ರದ ಎಳೆಗಳನ್ನು ಹುದುಗಿಸಿ, ತುದಿ ಹೊರಗೆ ಬಿಡಿ. ಮೇಲೆ ಒಂದು ರಟ್ಟಿನ ತುಂಡು ಇಟ್ಟು ಕೈಯಿಂದ ಒತ್ತಿ. ಒತ್ತಿದಾಗ ಮೀಟರಿನ ಅಂಕಿ ಏರುವುದು ಕಾಣುತ್ತದೆ. ಇದ್ದಿಲ ಕಾಳುಗಳು ಒಂದಕ್ಕೊಂದು ತಾಗಿದಷ್ಟೂ ಒಳ್ಳೆಯದು. ಒಂದು ಸಣ್ಣ ಕಲ್ಲು ಹೇರಿಟ್ಟರೂ ಆಯಿತು. ಆದರೆ ಪ್ಲಾಸ್ಟಿಕ್‌ನಿಂದ ಪೂರ್ತಿ ಮುಚ್ಚಬೇಡಿ, ಗಾಳಿ ಬೇಕು.

ಒಂದು ಸೆಲ್ಲು 0.6ರಿಂದ 0.8 ವೋಲ್ಟ್ ಕೊಡುತ್ತದೆ. ಎರಡನ್ನು ಸಾಲಾಗಿ ಸೇರಿಸಿ. ಗಡಿಯಾರದಲ್ಲಿ ಸ್ಪ್ರಿಂಗ್ ಇರುವ ಕಡೆ ಮೈನಸ್, ಅಲ್ಲಿಗೆ ಸಿಲ್ವರ್ ಪೇಪರಿನ ತುದಿ. ಇನ್ನೊಂದು ಕಡೆಗೆ ಇದ್ದಿಲಿನ ತಾಮ್ರದ ತುದಿ. ಮುಳ್ಳು ಟಿಕ್ ಎಂದಾಗ ಮನೆಯವರನ್ನೆಲ್ಲ ಕರೆಯಿರಿ. ಮೂರು ಸೆಲ್ಲು ಮಾತ್ರ ಹಚ್ಚಬೇಡಿ, ಗಡಿಯಾರಕ್ಕೆ ಜಾಸ್ತಿಯಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಬಟ್ಟೆ ಬೇಗ ಒಣಗುತ್ತದೆ. ಮುಳ್ಳು ನಿಂತರೆ ಅಂಚಿನಿಂದ ನಾಲ್ಕು ಹನಿ ಉಪ್ಪುನೀರು ಬಿಡಿ. ಒಂದು ದಿನ ಬಿಟ್ಟು ಬಿಚ್ಚಿ ನೋಡಿದರೆ ಸಿಲ್ವರ್ ಪೇಪರಿನಲ್ಲಿ ಸೂಜಿ ಚುಚ್ಚಿದಂತೆ ತೂತುಗಳು, ಬಿಳಿ ಲೋಳೆ. ಖರ್ಚಾದ ಸೌದೆ ಅದೇ.

ಇಷ್ಟು ಮಾತ್ರ ಮಾಡಬೇಡಿ

ಹಳೇ ಮೊಬೈಲ್ ಬ್ಯಾಟರಿ ಬಿಚ್ಚಬೇಡಿ. ಒಳಗೆ ಲಿಥಿಯಂ ಇರುತ್ತದೆ, ಬೆಂಕಿ ಹತ್ತುತ್ತದೆ. ಇನ್‌ವರ್ಟರ್, ಟ್ರ್ಯಾಕ್ಟರ್ ಬ್ಯಾಟರಿಯ ಹತ್ತಿರ ಮಕ್ಕಳು ಹೋಗಲೇಬಾರದು. ಅದರಲ್ಲಿ ಗಂಧಕಾಮ್ಲ, ಸೀಸ ಎರಡೂ ಇವೆ. ಒಳಗಿನ ಕಪ್ಪು ಕಡ್ಡಿಗಾಗಿ ಟಾರ್ಚಿನ ಸೆಲ್ಲು ಒಡೆಯುವುದು ನಾವು ಚಿಕ್ಕವರಿದ್ದಾಗ ಆಟವಾಗಿತ್ತು. ಈಗಿನ ಆಲ್ಕಲೈನ್ ಸೆಲ್ಲಿನೊಳಗೆ ಚರ್ಮ ಸುಡುವ ಕ್ಷಾರ ಇರುತ್ತದೆ, ಅದೂ ಬೇಡ. ಎಲ್ಲಕ್ಕಿಂತ ಮುಖ್ಯ, ಮಿಲಿಆಂಪಿಯರ್‌ಗೆ ತಿರುಗಿಸಿದ ಮೀಟರಿನ ಕಡ್ಡಿಯನ್ನು ಗೋಡೆಯ ಪ್ಲಗ್ಗಿಗೆ ಯಾರೂ ಹಾಕಬಾರದು. ಅಳತೆ ಮುಗಿದ ಕೂಡಲೇ ಮೀಟರ್ ಆಫ್ ಮಾಡಿ ದೊಡ್ಡವರ ಕೈಗೆ ಕೊಡಿ.

ಪ್ರಯೋಗದ ಹುಣಸೆಹುಳಿಯಲ್ಲಿ ಸತು ಮತ್ತು ಒಂದಿಷ್ಟು ತಾಮ್ರ ಕರಗಿರುತ್ತದೆ. ಸಾರಿನ ವಾಸನೆ ಬರುತ್ತದೆಂದು ಯಾರೂ ನಾಲಿಗೆಗೆ ಹಚ್ಚಬಾರದು. ಬಚ್ಚಲಿಗೆ ಚೆಲ್ಲಿ ಜಾಸ್ತಿ ನೀರು ಬಿಡಿ. ದನದ ಮುಸುರೆ ಬಾನಿಗೆ ಮಾತ್ರ ಸುರಿಯಬೇಡಿ. ಹುಳಿ, ಉಪ್ಪು ಎಂದರೆ ದನ ಬಿಡದೆ ಕುಡಿಯುತ್ತದೆ. ಗಿಡದ ಬುಡಕ್ಕೂ ಬೇಡ.

ತಾಮ್ರವನ್ನು ತೊಳೆದು ಒಣ ಬಟ್ಟೆಯಿಂದ ಒರೆಸಿ ಡಬ್ಬಿಯಲ್ಲಿಡಿ, ಮುಂದಿನ ವರ್ಷ ತಮ್ಮನಿಗೋ ತಂಗಿಗೋ ಬೇಕಾಗುತ್ತದೆ. ತಗಡಿನ ಚೂರುಗಳನ್ನೂ ತೊಳೆದು ನೋಡಿ. ಬೂದು ಬಣ್ಣ ಉಳಿದಿದ್ದರೆ ಅವು ಇನ್ನೂ ಕೆಲಸಕ್ಕೆ ಬರುತ್ತವೆ. ಕೆಂಪಾದವು ಗುಜರಿಗೆ.